ಅಪ್ಪನ ಅಂಬಾಸಿಡರ್ 1:43 ಅಳತೆಯಲ್ಲಿ ಮನೆಗೆ ಬಂದದ್ದು

ಅಪ್ಪ ಓಡಿಸುತ್ತಿದ್ದ ಅಂಬಾಸಿಡರ್ ಕಾರಿನ ಮಾಡೆಲ್ ಕೊನೆಗೂ ಸಿದ್ಧವಾಗಿದೆ. ಹತ್ತು ಸೆಂಟಿಮೀಟರ್ ಉದ್ದದ ಲೋಹದ ಕಾರು. ಇದಕ್ಕಾಗಿ ಫ್ರಾನ್ಸಿನಿಂದ ಪಾರ್ಸೆಲ್ ತರಿಸಿದೆ, ಕಸ್ಟಮ್ಸ್‌ನವರಿಗೆ ಪತ್ರ ಬರೆದೆ, ಸುಂಕ ಕಟ್ಟಿದೆ, ಬಂದ ಕಾರಿನ ಬಣ್ಣವನ್ನೆಲ್ಲ ತೆಗೆದು ಹೊಸದಾಗಿ ಹಚ್ಚಿದೆ. ಬೇಸಿಗೆಯಲ್ಲಿ ಶುರು ಮಾಡಿದ್ದು ಆಯುಧ ಪೂಜೆ ಹೊತ್ತಿಗೆ ಮುಗಿಯಿತು. ನಡುವೆ ಎಷ್ಟೋ ಕಡೆ ಯಾರನ್ನು ಕೇಳಬೇಕು ಅಂತಲೇ ತಿಳಿಯದೆ ಒದ್ದಾಡಿದೆ. ತಮ್ಮ ಮನೆಯ ಹಳೆ ಕಾರಿನ ಮಾಡೆಲ್ ಬೇಕು ಅಂತ ಆಸೆ ಇರುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಿಗೆ ಆ ಒದ್ದಾಟ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಪಾಟಿನಲ್ಲಿ ಮಾಡೆಲ್ ಕಾರುಗಳು ಮೊದಲಿಂದಲೂ ಇವೆ. ಆದರೆ ಅವನ್ನು ನಾನು ಕಂಪನಿ ಪ್ರಕಾರ ಜೋಡಿಸಿಲ್ಲ, ಜನರ ಪ್ರಕಾರ ಜೋಡಿಸಿದ್ದೇನೆ. ಕೆಂಪು ಮಾರುತಿ 800 ನಮ್ಮೂರ ಡಾಕ್ಟರದು. ತಿಳಿ ನೀಲಿ ಪದ್ಮಿನಿ ಸೋದರಮಾವನದು, ಅವರ ಮದುವೆ ದಿಬ್ಬಣ ಹೋದದ್ದು ಅದರಲ್ಲೇ. ಹಸಿರು ಜೀಪು ಅಡಿಕೆ ಮಂಡಿ ಸಾಹುಕಾರರದು. ಮಧ್ಯದಲ್ಲಿ ಒಂದು ಜಾಗ ಮಾತ್ರ ವರ್ಷಗಟ್ಟಲೆ ಖಾಲಿ ಇತ್ತು.

ಅಪ್ಪನದು ಬಾಡಿಗೆ ಕಾರು. ಶಿವಮೊಗ್ಗ ಜಿಲ್ಲೆಯಲ್ಲಿ ಬಿಳಿ ಡೀಸೆಲ್ ಅಂಬಾಸಿಡರ್. ಶೃಂಗೇರಿ, ಜೋಗ, ಧರ್ಮಸ್ಥಳ ಟ್ರಿಪ್ಪುಗಳು, ಮದುವೆ ಬಾಡಿಗೆ, ರಾತ್ರಿ ಹೊತ್ತು ಹೆರಿಗೆ ಕೇಸುಗಳು. ಬೆಂಚಿನ ಥರದ ಉದ್ದ ಮುಂದಿನ ಸೀಟು, ಸ್ಟೇರಿಂಗ್ ಪಕ್ಕದಲ್ಲೇ ಗೇರ್. ಹಾಗಾಗಿ ಮುಂದೆಯೇ ಮಕ್ಕಳು ಮೂರು ನಾಲ್ಕು ಜನ ಕೂರುತ್ತಿದ್ದೆವು. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತಿ ಬಂದ ಮೇಲೆ ಅಪ್ಪ ಬಾನೆಟ್ ತೆಗೆದು ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು. ಆ ಬಿಸಿ ಡೀಸೆಲ್ ವಾಸನೆಗೆ ಮಳೆ ವಾಸನೆ ಸೇರಿಕೊಳ್ಳುತ್ತಿತ್ತು. ಆಮೇಲೆ ಸುಮೋಗಳು ಬಂದವು, ಇಂಡಿಕಾ ಬಂತು, ಅಂಬಾಸಿಡರಿಗೆ ಬಾಡಿಗೆ ಕಡಿಮೆಯಾಯಿತು. ಕಾರು ಮಾರಿದ ದಿನ ಅಪ್ಪ ಊಟ ಮಾಡಲಿಲ್ಲ.

ಮಾಡೆಲ್ ಹುಡುಕುವ ಮೊದಲು ಒಂದು ಕೆಲಸ ಮಾಡಿ: ನಿಮ್ಮ ಮನೆಯ ಕಾರು ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಿ. ಅಂಬಾಸಿಡರ್ ಅಂದರೆ ಎಲ್ಲವೂ ಒಂದೇ ಅಂತ ಅನ್ನಿಸುತ್ತದೆ. ಆದರೆ ಹಾಗಲ್ಲ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಹಿಂದುಸ್ತಾನ್ ಮೋಟಾರ್ಸ್ ಇದನ್ನು 1950ರ ದಶಕದ ಕೊನೆಯಲ್ಲಿ ಶುರು ಮಾಡಿತು. ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾಯಿತು. ಮೈಕಟ್ಟು ಹೆಚ್ಚುಕಡಿಮೆ ಅದೇ ಇದ್ದರೂ ಮುಖ ಬದಲಾಗುತ್ತಾ ಹೋಯಿತು. ಮಾರ್ಕ್ 2 ಅನ್ನುವ ಆವೃತ್ತಿಯ ಗ್ರಿಲ್, ಅಂದರೆ ಮುಂಭಾಗದ ಜಾಲರಿ, ಒತ್ತೊತ್ತಾದ ಚೌಕಳಿ. ಮಾರ್ಕ್ 3ರದು ಅಡ್ಡ ಪಟ್ಟಿ. ಮಾರ್ಕ್ 4ರಲ್ಲಿ ಗ್ರಿಲ್ ಚಿಕ್ಕದಾಯಿತು, ಪಕ್ಕದಲ್ಲಿ ಚೌಕಾಕಾರದ ಪಾರ್ಕಿಂಗ್ ಲೈಟು ಬೇರೆಯಾಗಿ ಬಂತು. ಗ್ರಿಲ್ ತಪ್ಪಾದರೆ ಕಾರು ಬೇರೆ ಯಾರದ್ದೋ ಆಗಿಬಿಡುತ್ತದೆ.

ಆರ್‌ಸಿ ಪುಸ್ತಕ ಕಾರಿನ ಜತೆ ಕೊಂಡವರ ಕೈಗೆ ಹೋಗಿರುತ್ತದೆ. ಆದರೆ ಜೆರಾಕ್ಸ್ ಎಲ್ಲೋ ಇದ್ದೇ ಇರುತ್ತದೆ, ಹುಡುಕಿ. ನಮ್ಮ ಮನೆಯಲ್ಲಿ ಅಜ್ಜಿಯ ಟ್ರಂಕಿನಲ್ಲಿ ಹಳೆ ಇನ್ಶೂರೆನ್ಸ್ ಕಾಗದದ ಜತೆ ಸಿಕ್ಕಿತು. ಅದರಲ್ಲಿ ತಯಾರಾದ ವರ್ಷ, ಬಣ್ಣ, ಎಂಜಿನ್ ಎಲ್ಲ ಇತ್ತು. 1986ರ ಮಾರ್ಕ್ 4. ಜತೆಗೆ ಫೋಟೋಗಳು. ಮದುವೆ ಆಲ್ಬಮ್ಮುಗಳನ್ನು ಬಿಡಬೇಡಿ. ನೆಂಟರ ಮದುವೆ ಫೋಟೋಗಳಲ್ಲೇ ನಮ್ಮ ಕಾರಿನ ಮುಂಭಾಗ, ಪಕ್ಕ, ಹಿಂಭಾಗ ಮೂರೂ ಸಿಕ್ಕಿತು. ಹೂವಿನ ಹಾರ ಗ್ರಿಲ್ಲನ್ನು ಅರ್ಧ ಮುಚ್ಚಿತ್ತು, ಆದರೂ ಗುರುತು ಹಿಡಿಯಲು ಸಾಕಾಯಿತು.

ಇನ್ನು ಅಳತೆ. 1:43 ಅಂದರೆ ನಿಜವಾದ ಕಾರಿನ 43ನೇ ಒಂದು ಭಾಗ. ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ, ಹಾಗಾಗಿ ಮಾಡೆಲ್ ಹತ್ತು ಸೆಂಟಿಮೀಟರ್. 1:64ರಲ್ಲಿ ಆರೂಮುಕ್ಕಾಲು ಸೆಂಟಿಮೀಟರಿನಷ್ಟು ಆಗುತ್ತದೆ, 1:18ರಲ್ಲಿ ಇಪ್ಪತ್ತನಾಲ್ಕು. 43 ಅನ್ನುವ ಈ ವಿಚಿತ್ರ ಸಂಖ್ಯೆ ಬಂದದ್ದು ಇಂಗ್ಲೆಂಡಿನ ಆಟದ ರೈಲುಗಳಿಂದ. ಅಲ್ಲಿ 'ಓ ಗೇಜ್' ರೈಲಿಗೆ ಒಂದು ಅಡಿಗೆ ಏಳು ಮಿಲಿಮೀಟರ್ ಲೆಕ್ಕ. ಆ ರೈಲಿನ ಪಕ್ಕದಲ್ಲಿ ನಿಲ್ಲಿಸಲು ಡಿಂಕಿಯಂಥ ಕಂಪನಿಗಳು 1930ರ ದಶಕದಲ್ಲಿ ಪುಟ್ಟ ಕಾರು ಮಾಡಿದವು, ಅಳತೆ ಹಾಗೇ ಉಳಿದುಕೊಂಡಿತು. ಕಪಾಟಿಗೆ 1:43 ಬಹಳ ಚೆನ್ನ. ಕೈಯಲ್ಲಿ ಹಿಡಿದರೆ ಬಾಗಿಲ ಹಿಡಿ, ವೈಪರ್ ಎಲ್ಲ ಕಾಣುತ್ತದೆ, ಜಾಗವೂ ಜಾಸ್ತಿ ಬೇಡ.

ನಮ್ಮ ದೇಶದ್ದೇ ಸಿಗುತ್ತದಾ ಅಂತ ಮೊದಲು ನೋಡಿದೆ. ಸೆಂಟಿ ಟಾಯ್ಸ್‌ನ ಪ್ಲಾಸ್ಟಿಕ್ ಅಂಬಾಸಿಡರ್ ಇದೆ, ಹಿಂದಕ್ಕೆಳೆದು ಬಿಟ್ಟರೆ ಓಡುವಂಥದು. ಮಕ್ಕಳಿಗೆ ತುಂಬಾ ಒಳ್ಳೆಯದು, ಬೆಲೆಯೂ ಕಡಿಮೆ. ನನಗೆ ಮಾತ್ರ ಲೋಹದ್ದು ಬೇಕಿತ್ತು. ಡಿಂಕಿಯ ಅಚ್ಚುಗಳನ್ನು ತರಿಸಿ ನಮ್ಮಲ್ಲೇ ಎರಕ ಹೊಯ್ದ ನಿಕ್ಕಿ ಟಾಯ್ಸ್, ಕಲ್ಕತ್ತಾದ ಮ್ಯಾಕ್ಸ್‌ವೆಲ್ ಇವೆಲ್ಲ ಒಂದು ಕಾಲದಲ್ಲಿ ಇದ್ದವು. ಈಗ ಒಳ್ಳೆ ಸ್ಥಿತಿಯಲ್ಲಿರುವವು ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಕೇಳಿ ಎದೆ ಝಲ್ಲೆನ್ನುತ್ತದೆ.

ಯೂರೋಪಿನಲ್ಲಿ ಪತ್ರಿಕೆಯ ಜತೆ ಕಂತು ಕಂತಾಗಿ ಮಾಡೆಲ್ ಕಾರು ಮಾರುವ ಪದ್ಧತಿ ಇದೆ. ಹದಿನೈದು ದಿನಕ್ಕೊಮ್ಮೆ ಒಂದು ಸಂಚಿಕೆ, ಅದರ ಜತೆ ಒಂದು ಕಾರು. ಹಾಗೆ ಬಂದ ಪ್ರಪಂಚದ ಟ್ಯಾಕ್ಸಿಗಳ ಸರಣಿಯಲ್ಲಿ ಅಂಬಾಸಿಡರ್ ಇದೆ, ಕಲ್ಕತ್ತಾದ ಹಳದಿ ಟ್ಯಾಕ್ಸಿ. ಅದು ಫ್ರಾನ್ಸಿನ ಒಬ್ಬ ಸಂಗ್ರಾಹಕರ ಹತ್ತಿರ ಮಾರಾಟಕ್ಕಿತ್ತು. ಹಳದಿ ಬಣ್ಣ ನೋಡಿ ಬೇಸರವಾಗಲಿಲ್ಲ. ಬಣ್ಣ ಬದಲಾಯಿಸಬಹುದು, ಮುಖ ಬದಲಾಯಿಸಲು ಆಗಲ್ಲ. ನೇರ ಎದುರಿನಿಂದ, ನೆರಳಿಲ್ಲದ ಫೋಟೋ ಕಳಿಸಿ ಅಂತ ಕೇಳಿದೆ. ಕಾರಿನ ತಳ ಸ್ಕ್ರೂನಿಂದ ಕೂಡಿಸಿದ್ದಾ, ರಿವೆಟ್ ಹೊಡೆದದ್ದಾ ಅಂತಲೂ ಕೇಳಿದೆ. ಸ್ಕ್ರೂ ಇದ್ದರೆ ಬಿಚ್ಚುವುದು ಸುಲಭ, ರಿವೆಟ್ ಆದರೆ ಡ್ರಿಲ್ ಮಾಡಬೇಕು. ಇನ್ನೊಂದು ನೋಡಬೇಕಾದದ್ದು ಲೋಹದ ಆರೋಗ್ಯ. ಈ ಕಾರುಗಳು ಸತುವಿನ ಮಿಶ್ರಲೋಹದಲ್ಲಿ ಆಗುತ್ತವೆ. ಎರಕದಲ್ಲಿ ಸೀಸ ಬೆರೆತಿದ್ದರೆ ವರ್ಷಗಳು ಕಳೆದಂತೆ ಲೋಹ ಒಳಗಿಂದ ಉಬ್ಬಿ, ಬಿರುಕು ಬಿಟ್ಟು, ಪುಡಿಯಾಗುತ್ತದೆ. ಇದಕ್ಕೆ ಔಷಧಿ ಇಲ್ಲ. ಬಣ್ಣದ ಮೇಲೆ ಸಣ್ಣ ಗುಳ್ಳೆ, ಕೂದಲಿನಂಥ ಬಿರುಕು ಕಂಡರೆ ಬೆಲೆ ಎಷ್ಟು ಕಡಿಮೆ ಇದ್ದರೂ ಬಿಟ್ಟುಬಿಡಿ.

ಗ್ರಿಲ್ ಹೊಂದಿತು. ಕಾರಿಗೆ ಮೂವತ್ತು ಯೂರೋ ಆಸುಪಾಸು, ಅಂಚೆ ಖರ್ಚು ಹೆಚ್ಚುಕಡಿಮೆ ಅಷ್ಟೇ. ಕಾರಿನಷ್ಟೇ ಅಂಚೆಗೂ ಕೊಡಬೇಕಲ್ಲ ಅಂತ ಒಂದು ರಾತ್ರಿ ಯೋಚಿಸಿದೆ. ಬೆಳಿಗ್ಗೆ ಎದ್ದು ದುಡ್ಡು ಕಟ್ಟಿದೆ.

ದುಡ್ಡು ಕಟ್ಟುವಾಗಲೇ ಮೊದಲ ತಡೆ. ಕಾರ್ಡ್ ಒಪ್ಪಿಕೊಳ್ಳಲಿಲ್ಲ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗಿನ ವ್ಯವಹಾರಕ್ಕೆ ಮಾತ್ರ ತೆರೆದಿರುತ್ತವೆ. ವಿದೇಶಿ ವ್ಯವಹಾರವನ್ನು ಬ್ಯಾಂಕಿನ ಆ್ಯಪಿನಲ್ಲಿ ನಾವೇ ಚಾಲೂ ಮಾಡಿ, ಮಿತಿ ಹಾಕಬೇಕು. ಕೆಲಸ ಆದ ಕೂಡಲೇ ಮತ್ತೆ ಮುಚ್ಚಿಬಿಡಿ. ಯೂರೋ ಬೆಲೆಯ ಮೇಲೆ ಬ್ಯಾಂಕು ತನ್ನ ಶುಲ್ಕವನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಸೇರಿಸುತ್ತದೆ, ಲೆಕ್ಕ ಹಾಕುವಾಗ ಅದನ್ನೂ ಇಟ್ಟುಕೊಳ್ಳಿ.

ಮಾರಿದವರು ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಕೇಳಿದರು. 'ಉಡುಗೊರೆ ಅಂತ ಬರೆಯಲಾ? ಬೆಲೆ ಕಡಿಮೆ ತೋರಿಸಲಾ?' ಬೇಡ ಅಂದೆ. ನೀವೂ ಬೇಡ ಅನ್ನಿ. ಮೊದಲು ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇರಲಿಲ್ಲ. 2019ರ ಡಿಸೆಂಬರಿನಲ್ಲಿ ಆ ವಿನಾಯಿತಿ ಹೋಯಿತು, ರಾಖಿಯಂಥ ಕೆಲವಕ್ಕೆ ಮಾತ್ರ ಉಳಿಯಿತು. ಈಗ ಉಡುಗೊರೆ ಅಂತ ಬರೆದರೂ ಸುಂಕ ತಪ್ಪಲ್ಲ. ಬೆಲೆ ಸುಳ್ಳು ಬರೆದರೆ ನಾಳೆ ನೀವು ಕೊಡುವ ಬಿಲ್ಲಿಗೂ ಪೊಟ್ಟಣದ ಮೇಲಿನ ಚೀಟಿಗೂ ತಾಳೆಯಾಗಲ್ಲ, ಆಗ ನಿಜವಾದ ತೊಂದರೆ. ಪೊಟ್ಟಣದ ಮೇಲೆ ಅಂಟಿಸುವ ಆ ಚೀಟಿಗೆ ಸಿಎನ್ 22 ಅನ್ನುತ್ತಾರೆ, ದೊಡ್ಡ ಪಾರ್ಸೆಲ್ ಆದರೆ ಸಿಎನ್ 23. ಅದರಲ್ಲಿ ಏನು ಬರೆಯುತ್ತಾರೆ ಅನ್ನುವುದೇ ಮುಂದಿನದನ್ನೆಲ್ಲ ನಿರ್ಧರಿಸುತ್ತದೆ.

ಪಾರ್ಸೆಲ್ ಹೊರಟಿತು. ಹದಿಮೂರು ಅಕ್ಷರ ಅಂಕಿಗಳ ಟ್ರ್ಯಾಕಿಂಗ್ ನಂಬರು ಬಂತು. ಮೊದಲ ಎರಡು ಅಕ್ಷರ ಯಾವ ಬಗೆಯ ಅಂಚೆ ಅಂತ ಹೇಳುತ್ತವೆ, ಕೊನೆಯ ಎರಡು ಯಾವ ದೇಶದ್ದು ಅಂತ. ನಮ್ಮ ದೇಶ ತಲುಪಿದ ಮೇಲೂ ಅದೇ ನಂಬರನ್ನು ನಮ್ಮ ಅಂಚೆ ಇಲಾಖೆಯ ಪುಟದಲ್ಲಿ ಹಾಕಿ ನೋಡಬಹುದು. ದಿನಾ ಬೆಳಿಗ್ಗೆ ಕಾಫಿ ಜತೆ ಅದೇ ಕೆಲಸ. ವಿಮಾನ ಹತ್ತುವವರೆಗೆ ಬೇಗ ಬೇಗ ಸಾಗಿತು. ಇಲ್ಲಿಗೆ ಬಂದ ಮೇಲೆ 'ಕಸ್ಟಮ್ಸ್‌ನಲ್ಲಿ ಇದೆ' ಅನ್ನುವ ಒಂದೇ ಸಾಲು ವಾರಗಟ್ಟಲೆ ನಿಂತುಬಿಟ್ಟಿತು.

ಈ ಕಾಯುವಿಕೆ ಬಹಳ ಕಷ್ಟ. ಯಾಕೆಂದರೆ ಆಗ ನಾವು ಮಾಡುವಂಥದ್ದು ಏನೂ ಇರಲ್ಲ. ಅಪ್ಪನಿಗೆ ನಾನು ಏನೂ ಹೇಳಿರಲಿಲ್ಲ. ಊರಿಗೆ ಫೋನ್ ಮಾಡಿದಾಗ ಸುಮ್ನೆ ಹಳೆ ಕಾರಿನ ಮಾತು ತೆಗೆಯುತ್ತಿದ್ದೆ. ಕೇಳಿದ್ದು ಕಾರಿನ ಬಗ್ಗೆ, ಅಪ್ಪ ಹೇಳಿದ್ದೆಲ್ಲ ಜನರ ಬಗ್ಗೆ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಿಂದ ಮಳೆಯಲ್ಲಿ ಬಸುರಿ ಹೆಂಗಸನ್ನು ಶಿವಮೊಗ್ಗಕ್ಕೆ ಕರೆತಂದದ್ದು, ದಾರಿಯಲ್ಲಿ ಮರ ಬಿದ್ದಿದ್ದು, ಊರಿನವರು ಕತ್ತಿ ತಂದು ಕೊಂಬೆ ಕಡಿದು ದಾರಿ ಬಿಡಿಸಿದ್ದು. ಆ ಮಗು ಈಗ ಶಿಕಾರಿಪುರದಲ್ಲಿ ಮೇಷ್ಟ್ರಂತೆ. ಇದನ್ನೆಲ್ಲ ನಾನು ಅಷ್ಟು ವರ್ಷ ಕೇಳಿಯೇ ಇರಲಿಲ್ಲ. ಪಾರ್ಸೆಲ್ ಬೇಗ ಬಂದಿದ್ದರೆ ಬಹುಶಃ ಕೇಳುತ್ತಲೂ ಇರಲಿಲ್ಲ. ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮಾಡೆಲ್ ತರಿಸುವವರು ಈ ಕೆಲಸವನ್ನೂ ಜತೆಗೇ ಮಾಡಿ, ದೊಡ್ಡವರು ಇರುವಾಗಲೇ.

ಕೊನೆಗೆ ಕಸ್ಟಮ್ಸ್‌ನಿಂದ ಒಂದು ಪತ್ರ ಬಂತು. ಪೊಟ್ಟಣದಲ್ಲಿ 'ಆಟಿಕೆ ಕಾರು' ಇದೆ ಅಂತ ಬರೆದಿದೆ, ಬಿಲ್ಲು, ದುಡ್ಡು ಕಟ್ಟಿದ ದಾಖಲೆ, ಗುರುತಿನ ಚೀಟಿ, ಮತ್ತು ಆಟಿಕೆಗೆ ಬೇಕಾದ ಬಿಐಎಸ್ ಗುರುತಿನ (ಐಎಸ್‌ಐ ಮಾರ್ಕಿನ) ವಿವರ ಕೊಡಿ ಅಂತ ಕೇಳಿದ್ದರು. ಮಾರಿದವರು ಸುಲಭವಾಗಲಿ ಅಂತ ಪೊಟ್ಟಣದ ಮೇಲಿನ ಚೀಟಿಯಲ್ಲಿ ಹಾಗೆ ಬರೆದಿದ್ದರು.

ಇದು ಎಲ್ಲ ಸಂಗ್ರಾಹಕರೂ ತಿಳಿದಿರಬೇಕಾದ ಸಂಗತಿ. ನಮ್ಮ ಸರ್ಕಾರ 2020ರಲ್ಲಿ ಆಟಿಕೆಗಳ ಗುಣಮಟ್ಟದ ಆದೇಶ ತಂದಿತು, ಅದು 2021ರ ಜನವರಿ 1ರಿಂದ ಜಾರಿಗೆ ಬಂತು. ಮಾರಾಟವಾಗುವ ಆಟಿಕೆಗೆ ಐಎಸ್‌ಐ ಗುರುತು ಇರಬೇಕು. ಮಕ್ಕಳ ಸುರಕ್ಷತೆಗೆ ಒಳ್ಳೆಯದೇ. ಜತೆಗೆ ಆಟಿಕೆಗಳ ಮೂಲ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿದರು. ಆದರೆ ಆದೇಶ ಹೇಳುವುದು 14 ವರ್ಷದೊಳಗಿನ ಮಕ್ಕಳು ಆಡುವ ವಸ್ತುಗಳ ಬಗ್ಗೆ. ದೊಡ್ಡವರು ಸಂಗ್ರಹಕ್ಕೆ ಇಟ್ಟುಕೊಳ್ಳುವ ಅಳತೆ ಮಾಡೆಲ್ ಬೇರೆ. ಹಾಗಾಗಿ ಮಾರುವವರಿಗೆ ಮೊದಲೇ ಹೇಳಿ: 'ಸಂಗ್ರಹಕ್ಕಾಗಿ ಅಳತೆ ಮಾಡೆಲ್, 14 ವರ್ಷ ಮೇಲ್ಪಟ್ಟವರಿಗೆ, ಒಂದು' ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಲಿ. ಇದು ನಿಜವೂ ಹೌದು. ಎಷ್ಟೋ ಮಾಡೆಲ್ ಪೆಟ್ಟಿಗೆಗಳ ಮೇಲೆ ಮಕ್ಕಳಿಗಲ್ಲ ಅನ್ನುವ ಎಚ್ಚರಿಕೆ ಅಚ್ಚಾಗಿಯೇ ಇರುತ್ತದೆ.

ನಾನು ಕೊಟ್ಟ ಕಾಗದಗಳು ಇವು. ಮಾರಿದವರ ಬಿಲ್ಲು. ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಆ ವ್ಯವಹಾರ ಇರುವ ಪುಟ. ಆಧಾರ್ ಜೆರಾಕ್ಸ್, ಸಹಿ ಹಾಕಿದ್ದು. ಮಾರಾಟದ ಪುಟದ ಪ್ರಿಂಟ್, ಅದರಲ್ಲಿ ಮಾಡೆಲ್ಲಿನ ಅಳತೆಯೂ 14 ವರ್ಷದ ಎಚ್ಚರಿಕೆಯೂ ಇರುವ ಫೋಟೋ. ಮತ್ತೆ ಒಂದು ಪತ್ರ: ಇದು ಮಾರಾಟಕ್ಕಲ್ಲ, ಒಂದೇ ಇದೆ, ನನ್ನ ತಂದೆ ಓಡಿಸುತ್ತಿದ್ದ ಕಾರಿನ ಮಾಡೆಲ್, ಸುಂಕ ಕಟ್ಟಲು ಸಿದ್ಧ. ಪತ್ರದ ಜತೆ ಅಪ್ಪನ ಕಾರಿನ ಆರ್‌ಸಿ ಜೆರಾಕ್ಸನ್ನೂ ಇಟ್ಟೆ. ಯಾರೂ ಕೇಳಿರಲಿಲ್ಲ, ನನಗೇ ಇಡಬೇಕು ಅನ್ನಿಸಿತು.

ಇಮೇಲ್ ಮಾಡಿ ಉತ್ತರ ಬಾರದಿದ್ದಾಗ ಕಸ್ಟಮ್ಸ್ ಕಚೇರಿಗೆ ಖುದ್ದಾಗಿ ಹೋದೆ. ಬೆಳಿಗ್ಗೆ ಬೇಗ ಹೋಗಿ, ಎಲ್ಲದರ ಎರಡೆರಡು ಪ್ರತಿ ಇಟ್ಟುಕೊಳ್ಳಿ, ಪೆನ್ನು ಮತ್ತು ಅಂಟು ಕೂಡ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಕಳಿಸಿದರು. ಸಂಬಂಧಪಟ್ಟವರು ಊಟಕ್ಕೆ ಹೋಗಿದ್ದಾರೆ ಅಂದರು. ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದಲ್ಲಿ ಒಬ್ಬ ಹಿರಿಯರು ಜರ್ಮನಿಯಿಂದ ಮಗ ಕಳಿಸಿದ ಕನ್ನಡಕಕ್ಕಾಗಿ ಕಾಯುತ್ತಿದ್ದರು. ಕೊನೆಗೆ ಸಿಕ್ಕ ಅಧಿಕಾರಿ ಮೇಡಂ ಕಾಗದಗಳನ್ನು ಒಂದೊಂದಾಗಿ ತಿರುವಿದರು. ಆರ್‌ಸಿ ಜೆರಾಕ್ಸ್ ಬಂದಾಗ ನಿಂತರು. 'ನಮ್ಮ ತಂದೆ ಹತ್ರಾನೂ ಇತ್ತು ಕಣಮ್ಮ, ಮಾರ್ಕ್ 3' ಅಂದರು. ಆಮೇಲೆ ನಿಯಮದಂತೆಯೇ ಸುಂಕ ಹಾಕಿದರು. ಸುಂಕ ಹಾಕುವಾಗ ಕಾರಿನ ಬೆಲೆಯ ಜತೆ ಅಂಚೆ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಇದನ್ನು ಮರೆಯಬೇಡಿ. ನನಗೆ ಮೂರು ಸಾವಿರದ ಆಸುಪಾಸು ಬಂತು. ಪಾರ್ಸೆಲ್ ಕೊಡುವಾಗ ಪೋಸ್ಟ್‌ಮ್ಯಾನ್ ಅದನ್ನು ವಸೂಲಿ ಮಾಡಿ ರಸೀದಿ ಕೊಟ್ಟರು. ಕೊರಿಯರಿನಲ್ಲಿ ತರಿಸಿದರೆ ಗುರುತಿನ ದಾಖಲೆಗಳನ್ನು ಆನ್‌ಲೈನಿನಲ್ಲೇ ಕೊಡಬಹುದು, ಬೇಗ ಬರುತ್ತದೆ, ಖರ್ಚು ಜಾಸ್ತಿ.

ಪೊಟ್ಟಣ ಬಿಚ್ಚುವಾಗ ವಿಡಿಯೋ ಮಾಡಿ. ಏನಾದರೂ ಮುರಿದಿದ್ದರೆ ಅದೇ ಸಾಕ್ಷಿ. ನನ್ನದರಲ್ಲಿ ಪಕ್ಕದ ಕನ್ನಡಿ ಕಳಚಿ ಡಬ್ಬಿಯೊಳಗೆ ಗಡಗಡ ಅನ್ನುತ್ತಿತ್ತು, ಉಳಿದದ್ದೆಲ್ಲ ಸರಿ ಇತ್ತು. ಆ ಹಳದಿ ಕಾರನ್ನು ಅಂಗೈ ಮೇಲೆ ಇಟ್ಟುಕೊಂಡಾಗ ಗಂಟಲು ಕಟ್ಟಿತು. ಬಣ್ಣ ಬೇರೆ, ಊರು ಬೇರೆ. ಆದರೆ ಹಿಂದಿನ ಗಾಜಿನ ಆ ಇಳಿಜಾರು, ಡಿಕ್ಕಿಯ ಉಬ್ಬು ಎಲ್ಲ ನಮ್ಮದೇ.

ಬಣ್ಣದ ಕೆಲಸ ಶುರು ಮಾಡುವ ಮೊದಲು ಶಿವಮೊಗ್ಗಕ್ಕೆ ಹೋದೆ. ಅಪ್ಪನ ಕಾರಿಗೆ ಎರಡು ಸಲ ಪೇಂಟ್ ಹೊಡೆದ ಗ್ಯಾರೇಜ್ ಮೇಸ್ತ್ರಿ ಈಗಲೂ ಇದ್ದಾರೆ. ಕೆಲಸ ಮಗ ನೋಡಿಕೊಳ್ಳುತ್ತಾನೆ, ಅವರು ಬೆಳಿಗ್ಗೆ ಬಂದು ಕೂರುತ್ತಾರೆ ಅಷ್ಟೆ. 'ನಿಮ್ಮಪ್ಪನ ಗಾಡಿ ಬಿಳಿ ಅಲ್ಲ ಮಗಾ. ಬಿಳಿಗೆ ಒಂದು ಚೂರು ಹಳದಿ, ಒಂದು ತೊಟ್ಟು ಕಪ್ಪು. ಇಲ್ಲಾಂದ್ರೆ ಆಸ್ಪತ್ರೆ ಗೋಡೆ ಥರ ಕಾಣ್ತದೆ ಅಂತ ನಿಮ್ಮಪ್ಪನೇ ಹೇಳಿದ್ದು' ಅಂದರು. ಫೋಟೋ ನೋಡಲೇ ಇಲ್ಲ. ಕಾರಿಗೆ ಹೊಡೆಯುವ ಡುಕೋ ಪೇಂಟನ್ನು ಕಣ್ಣಳತೆಯಲ್ಲಿ ಬೆರೆಸಿ ಒಂದು ಸಣ್ಣ ಬಾಟಲಿಗೆ ಹಾಕಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ನೀವೇ ಹೊಡೆದುಕೊಡಿ ಅಂತ ಕೇಳಿದೆ, ಒಪ್ಪಲಿಲ್ಲ. ಕಾರಿಗೆ ಪೇಂಟ್ ಹೊಡೆಯುವ ಗನ್ನಿನ ಬಾಯಿ 1.4 ಮಿಲಿಮೀಟರಿನಷ್ಟು ದೊಡ್ಡದು, ಇಷ್ಟು ಚಿಕ್ಕದಕ್ಕೆ ಹೊಡೆದರೆ ಬಾಗಿಲಿನ ಗೆರೆಗಳೆಲ್ಲ ತುಂಬಿಹೋಗುತ್ತವೆ ಅಂದರು. ನಾನು ಬಳಸಿದ್ದು 0.3 ಮಿಲಿಮೀಟರಿನ ಏರ್‌ಬ್ರಶ್ (ಗಾಳಿಯಿಂದ ಬಣ್ಣ ಚಿಮ್ಮಿಸುವ ಪುಟ್ಟ ಗನ್), ಒಬ್ಬ ಗೆಳತಿ ಕೇಕ್ ಅಲಂಕಾರಕ್ಕೆ ಅಂತ ಕೊಂಡು ಸುಮ್ನೆ ಇಟ್ಟಿದ್ದ ಹೊಸದು.

ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆಯಿರಿ. ಗಾಜು, ಬಂಪರು, ದೀಪ ಇವೆಲ್ಲ ಪ್ಲಾಸ್ಟಿಕ್. ಒಳಗಿನಿಂದ ಬಿಸಿ ಮಾಡಿ ಒತ್ತಿದ ಸಣ್ಣ ಗೂಟಗಳಲ್ಲಿ ಕೂತಿರುತ್ತವೆ. ಹರಿತವಾದ ಬ್ಲೇಡಿನಿಂದ ಆ ಗೂಟದ ತಲೆ ಮಾತ್ರ ಕತ್ತರಿಸಿ ನಿಧಾನವಾಗಿ ಹೊರಕ್ಕೆ ತಳ್ಳಬೇಕು. ಒಂದು ಪ್ಲಾಸ್ಟಿಕ್ಕೂ ಉಳಿಯದ ಹಾಗೆ ತೆಗೆದ ಮೇಲೆಯೇ ಪೇಂಟ್ ರಿಮೂವರ್ ಹಚ್ಚಿ. ಕೈಗವಸು ಹಾಕಿಕೊಳ್ಳಿ, ಬಯಲಲ್ಲೇ ಮಾಡಿ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಅಂತ ಕೆಲವರು ಹೇಳುತ್ತಾರೆ, ಬೇಡ. ಅದು ಬಣ್ಣದ ಜತೆ ಸತುವನ್ನೂ ತಿನ್ನುತ್ತದೆ. ಹಳದಿ ಎದ್ದು ಬಂದ ಮೇಲೆ ಹಲ್ಲುಜ್ಜುವ ಹಳೆ ಬ್ರಶ್‌ನಿಂದ ಉಜ್ಜಿ, ಸೋಪು ನೀರಲ್ಲಿ ತೊಳೆದು, ನುಣುಪಾದ ವಾಟರ್ ಪೇಪರ್ (ನೀರು ಹಚ್ಚಿ ಉಜ್ಜುವ ಮರಳು ಕಾಗದ) ಆಡಿಸಿದೆ. ಆಮೇಲೆ ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್, ತೆಳ್ಳಗೆ.

ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಡುಕೋ ಹೊಡೆದರೆ ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ನೀರಿನ ಅಂಶ ಕೂತು ಬಣ್ಣ ಮಂಜು ಕವಿದ ಹಾಗಾಗುತ್ತದೆ. ಮೇಸ್ತ್ರಿ ಫೋನಿನಲ್ಲೇ ಎಚ್ಚರಿಸಿದ್ದರು: 'ಬಿಸಿಲು ಬರೋವರೆಗೂ ಮುಟ್ಟಬೇಡ.' ಹಾಗಾಗಿ ಮತ್ತೆ ಕಾದೆ. ಪ್ರೈಮರ್ ಹಚ್ಚಿದ ಬೂದು ಕಾರು ಒಂದು ಡಬ್ಬಿಯಲ್ಲಿ ಮಲಗಿತ್ತು. ಗಣೇಶನ ಹಬ್ಬ ಮುಗಿದ ಮೇಲೆ ಒಳ್ಳೆ ಬಿಸಿಲು ಬಂತು, ಮಹಡಿ ಮೇಲೆ ತೆಳು ತೆಳುವಾಗಿ ಹಲವು ಪದರ ಹೊಡೆದೆ. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಸಾಕಷ್ಟು ಹೊತ್ತು ಬಿಡಿ. ಆತುರಪಟ್ಟರೆ ಅಂಚಿನಲ್ಲಿ ಬಣ್ಣ ಇಳಿಯುತ್ತದೆ.

ನಂಬರ್ ಪ್ಲೇಟಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಎಲ್ಲರೂ ಈಗಿನ ನಿಯಮವನ್ನೇ ಹಿಂದಕ್ಕೂ ಹಚ್ಚಿಬಿಡುತ್ತಾರೆ. ಈಗ ಬಾಡಿಗೆ ಕಾರಿಗೆ ಹಳದಿ ಹಲಗೆ. ಆಗ ಹಾಗಿರಲಿಲ್ಲ. ಸ್ವಂತ ಕಾರಿಗೆ ಕಪ್ಪು ಹಲಗೆ ಮೇಲೆ ಬಿಳಿ ಅಕ್ಷರ, ಬಾಡಿಗೆ ಕಾರಿಗೆ ಬಿಳಿ ಹಲಗೆ ಮೇಲೆ ಕಪ್ಪು ಅಕ್ಷರ. ಈಗಿನ ಬಣ್ಣಗಳು 2000ದ ನಂತರ ಬಂದವು. 1986ರ ಕಾರಾದ್ದರಿಂದ 'ಕೆಎ' ಸರಣಿಯೂ ಅಲ್ಲ, ಮೂರು ಅಕ್ಷರದ ಹಳೆ ಸರಣಿ. ಅಕ್ಷರಗಳನ್ನು ಪೇಂಟರ್ ಕೈಯಲ್ಲೇ ಬರೆದದ್ದು, ಕಂಪ್ಯೂಟರಿನ ಯಾವ ಅಕ್ಷರಕ್ಕೂ ಹೊಂದಲ್ಲ. ಹಾಗಾಗಿ ಮದುವೆ ಫೋಟೋ ಸ್ಕ್ಯಾನ್ ಮಾಡಿ, ಅದರ ಮೇಲೆಯೇ ಗೆರೆ ಎಳೆದು, ಚಿಕ್ಕದು ಮಾಡಿ, ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆಯ ಮೇಲೆ ಲೇಸರ್ ಪ್ರಿಂಟ್ ತೆಗೆಸಿದೆ. ಮಾಮೂಲಿ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ, ಆದ್ದರಿಂದ ಪಾರದರ್ಶಕ ಹಾಳೆ ಬೇಡ, ಬಿಳಿ ಹಾಳೆಯನ್ನೇ ಕೇಳಿ ಕೊಳ್ಳಿ. ಪ್ಲೇಟ್ ಉದ್ದ ಬೆರಳಿನ ಉಗುರಿನಷ್ಟೂ ಇಲ್ಲ. ಚಿಮುಟದಲ್ಲಿ ಹಿಡಿದು ಕೂರಿಸುವಾಗ ಫ್ಯಾನ್ ಆರಿಸಿದ್ದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಕಾರು, ಅಂಚೆ, ಬ್ಯಾಂಕ್ ಶುಲ್ಕ, ಸುಂಕ, ಪ್ರೈಮರ್, ರಿಮೂವರ್, ಡೆಕಾಲ್, ಅಕ್ರಿಲಿಕ್ ಪೆಟ್ಟಿಗೆ ಎಲ್ಲ ಸೇರಿ ಹತ್ತು ಸಾವಿರಕ್ಕೆ ಸ್ವಲ್ಪ ಮೇಲಾಯಿತು. ಏರ್‌ಬ್ರಶ್ ಕೊಳ್ಳಬೇಕಾಗಿದ್ದರೆ ಇನ್ನೂ ಜಾಸ್ತಿ. ಹಣ ಕೂಡಿಸಿಕೊಂಡು ನಿಧಾನವಾಗಿ ಮಾಡಿ, ಸಾಲ ಮಾಡಿ ಮಾಡಬೇಡಿ. ಪೆಟ್ಟಿಗೆಯಲ್ಲಿ ಇಡುವಾಗ ಕಾರಿನ ತಳಕ್ಕೆ ಸಣ್ಣ ಆಸರೆ ಕೊಟ್ಟು ಚಕ್ರಗಳು ಪ್ಲಾಸ್ಟಿಕ್ಕಿಗೆ ತಾಗದಂತೆ ಎತ್ತಿಡಿ. ಮೆತ್ತನೆ ಟೈರಿನೊಳಗಿನ ರಾಸಾಯನಿಕ ವರ್ಷಗಳಲ್ಲಿ ಕೆಳಗಿನ ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಿಕೊಳ್ಳುತ್ತದೆ. ಮಲೆನಾಡಿನ ಮನೆಯಾದರೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನೇರ ಬಿಸಿಲು ಬೀಳುವ ಕಡೆ ಬೇಡ.

ಆಯುಧ ಪೂಜೆಗೆ ಊರಿಗೆ ಹೋದೆ. ಅಪ್ಪ ಸ್ಕೂಟರ್ ತೊಳೆದು ಸೇವಂತಿಗೆ ಹಾರ ಹಾಕುತ್ತಿದ್ದರು. ಪಕ್ಕದಲ್ಲಿ ಈ ಪೆಟ್ಟಿಗೆ ಇಟ್ಟೆ. ಮೊದಲು ಸುಮ್ಮನೆ ನೋಡಿದರು. ಕನ್ನಡಕ ಒರೆಸಿಕೊಂಡು ಬಂದು ಮತ್ತೆ ನೋಡಿದರು. ಕಾರನ್ನು ಹೊರಗೆ ತೆಗೆದು ನಂಬರ್ ಓದಿದರು, ಗಟ್ಟಿಯಾಗಿ, ಎರಡು ಸಲ. 'ಈ ಬಣ್ಣ ಯಾರು ಬೆರೆಸಿದ್ದು?' ಅಂತ ಕೇಳಿದರು. ಮೇಸ್ತ್ರಿ ಅಂದೆ. ಕೂಡಲೇ ಅವರಿಗೆ ಫೋನ್ ಹಚ್ಚಿದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು, ಅಮ್ಮ ಪೂಜೆಗೆ ಹೊತ್ತಾಯಿತು ಅಂತ ಕರೆಯುತ್ತಲೇ ಇದ್ದರು. ಕಾರಿಗೂ ಒಂದು ಸೇವಂತಿಗೆ ಎಸಳು, ಕುಂಕುಮ ಆಯಿತು. ನಿಂಬೆಹಣ್ಣು ದೊಡ್ಡದಾಗಿತ್ತು, ಚಕ್ರದ ಕೆಳಗೆ ಒಂದೊಂದು ಬಟಾಣಿ ಇಟ್ಟೆವು.

ಊಟ ಆದ ಮೇಲೆ ಅಪ್ಪ ಮತ್ತೆ ಪೆಟ್ಟಿಗೆ ಎತ್ತಿಕೊಂಡು ಕೂತರು. 'ಎಲ್ಲ ಸರಿ ಇದೆ ಮಗಾ. ಮೇಲಿನ ಕ್ಯಾರಿಯರ್ ಎಲ್ಲಿ? ಕ್ಯಾರಿಯರ್ ಇಲ್ಲದೆ ಧರ್ಮಸ್ಥಳದ ಪಾರ್ಟಿ ಲಗೇಜ್ ಎಲ್ಲಿಡ್ತಾರೆ?' ಅಂದರು. ಕಾಗದ ಪೆನ್ಸಿಲ್ ತರಿಸಿ ಕ್ಯಾರಿಯರಿನ ಚಿತ್ರ ಬರೆದು ಎಷ್ಟು ಪಟ್ಟಿ, ಎಲ್ಲಿ ಕೊಕ್ಕೆ, ಟಾರ್ಪಾಲಿನ ಹಗ್ಗ ಎಲ್ಲಿ ಕಟ್ಟುತ್ತಿದ್ದದ್ದು ಎಲ್ಲ ಗುರುತು ಹಾಕಿಕೊಟ್ಟರು. ಅದನ್ನು 43ರಿಂದ ಭಾಗಿಸಿದ್ದೇನೆ. 0.5 ಮಿಲಿಮೀಟರಿನ ಹಿತ್ತಾಳೆ ತಂತಿ ತಂದಿದ್ದೇನೆ, ಬೆಸುಗೆ ಹಾಕುವುದನ್ನು ಕಲಿಯುತ್ತಿದ್ದೇನೆ. ಮಾರ್ಕ್ 4 ಮಾಡುವವರಿಗೆ ಕ್ಯಾರಿಯರಿನ ಅಳತೆ ಬೇಕಾದರೆ ಕೇಳಿ, ಅಪ್ಪ ಬರೆದ ಚಿತ್ರವನ್ನೇ ಕೊಡುತ್ತೇನೆ.